ಕೈಬಿಡಲ್ಪಟ್ಟವರನ್ನೂ ಬರೆಯಿರಿ

ಪ್ರಿಯ ಕಿರಿಯ ಮಿತ್ರರಿಗೆ,

ಡೀಪ್ ಪರ್ಪಲ್ ತಂಡದ ಕುರಿತ ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಇಂಗ್ಲೆಂಡಿನ ರಾಕ್ ತಂಡದ ಚರಿತ್ರೆ ಕನ್ನಡದಲ್ಲಿ ಯಾರಿಗೆ ಬೇಕು ಎಂದು ಪ್ರಕಾಶಕರೊಬ್ಬರು ಅದನ್ನು ಮರಳಿಸಿದ್ದಕ್ಕೆ ನೀವು ಇಷ್ಟು ಕುಗ್ಗಬೇಕಾಗಿಲ್ಲ. ಅಧ್ಯಾಯಗಳು ಎಷ್ಟಿರಬೇಕು, ಮುಂದೆ ಯಾರಿಗೆ ಕಳಿಸಬೇಕು ಎಂಬುದನ್ನು ಹೇಳಿಕೊಡಲು ಬೇರೆಯವರಿದ್ದಾರೆ. ನನ್ನ ತಕರಾರು ಒಂದೇ: ನೀವು ಗೆದ್ದವರ ಪಕ್ಕದಲ್ಲಿ ನಿಂತು ಬರೆದಿದ್ದೀರಿ.

1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಜಾಪಾ ಕಾರ್ಯಕ್ರಮದ ನಡುವೆ ಕ್ಯಾಸಿನೊಗೆ ಬೆಂಕಿ ಬಿದ್ದದ್ದನ್ನೂ, ಅಲ್ಲಿ ಧ್ವನಿಮುದ್ರಣಕ್ಕೆ ಬಂದಿದ್ದ ತಂಡ ಕೊನೆಗೆ ಗ್ರಾಂಡ್ ಹೋಟೆಲಿನಲ್ಲಿ ‘ಮಷೀನ್ ಹೆಡ್’ ಆಲ್ಬಂ ಮುಗಿಸಿದ್ದನ್ನೂ ಸೊಗಸಾಗಿ ಬರೆದಿದ್ದೀರಿ. ಆದರೆ ಅದನ್ನು ಬರೆಯದವರೇ ಇಲ್ಲ. 1968ರಲ್ಲಿ ತಂಡ ಹುಟ್ಟಿದಾಗ ಹಾಡುತ್ತಿದ್ದ ರಾಡ್ ಇವಾನ್ಸ್, ಬೇಸ್ ಗಿಟಾರ್ ನುಡಿಸುತ್ತಿದ್ದ ನಿಕ್ ಸಿಂಪರ್ ಇಬ್ಬರಿಗೂ ಸೇರಿ ನೀವು ಕೊಟ್ಟಿರುವುದು ಎರಡೇ ವಾಕ್ಯ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿದ ‘ಹಷ್’ ಹಾಡಿನಲ್ಲಿ ಕೇಳುವುದು ಇವಾನ್ಸರ ದನಿಯಲ್ಲವೇ?

1969ರಲ್ಲಿ ತಂಡದ ಉಳಿದವರಾದ ಗಿಟಾರಿನ ಬ್ಲ್ಯಾಕ್‌ಮೋರ್, ಆರ್ಗನ್ನಿನ ಲಾರ್ಡ್, ಡ್ರಮ್ಸಿನ ಪೇಸ್ ಮೂವರಿಗೂ ಇನ್ನಷ್ಟು ಬಿರುಸಿನ ಸಂಗೀತ ಬೇಕಾಗಿತ್ತು. ಅವರು ಎಪಿಸೋಡ್ ಸಿಕ್ಸ್ ತಂಡದಿಂದ ಗಾಯಕ ಇಯಾನ್ ಗಿಲನ್ ಮತ್ತು ಬೇಸ್ ವಾದಕ ರಾಜರ್ ಗ್ಲೋವರ್‌ರನ್ನು ಕರೆತಂದು ಗುಟ್ಟಾಗಿ ತಾಲೀಮು ನಡೆಸಿದರು. ಅದೇ ದಿನಗಳಲ್ಲಿ, ಏನೂ ತಿಳಿಯದ ಇವಾನ್ಸ್ ಮತ್ತು ಸಿಂಪರ್ ಆ ಮೂವರೊಂದಿಗೇ ವೇದಿಕೆ ಏರುತ್ತಿದ್ದರು; ಕೊನೆಗೆ ಇಬ್ಬರನ್ನೂ ಕೈಬಿಡಲಾಯಿತು. ಮರುವರ್ಷ ‘ಇನ್ ರಾಕ್’ ಆಲ್ಬಂ ಬಂದಿತು, ನಾವು ಮೆಚ್ಚುವ ಡೀಪ್ ಪರ್ಪಲ್ ಅಲ್ಲಿಂದಲೇ ಆರಂಭವಾಯಿತು. ಆ ನಿರ್ಧಾರ ಸಂಗೀತದ ಮಟ್ಟಿಗೆ ಸರಿಯಾಗಿತ್ತು, ನಡೆದುಕೊಂಡ ರೀತಿ ಕ್ರೂರವಾಗಿತ್ತು. ಎರಡನ್ನೂ ಬರೆಯುವ ಧೈರ್ಯ ನಿಮಗೆ ಏಕೆ ಬರಲಿಲ್ಲ?

ನನ್ನನ್ನು ಇನ್ನೂ ಹೆಚ್ಚು ನೋಯಿಸಿದ್ದು 1980ರ ಪ್ರಸಂಗ. ತಂಡ 1976ರಲ್ಲಿ ಒಡೆದುಹೋಗಿತ್ತು. ಇವಾನ್ಸ್ ಅಪರಿಚಿತ ವಾದ್ಯಗಾರರೊಡನೆ ಅದೇ ಹೆಸರಿನಲ್ಲಿ ಅಮೆರಿಕದಲ್ಲಿ ಕಾರ್ಯಕ್ರಮ ಕೊಟ್ಟರು. ನ್ಯಾಯಾಲಯ 6 ಲಕ್ಷ ಡಾಲರಿಗೂ ಮೀರಿದ ಪರಿಹಾರ ವಿಧಿಸಿತು, ಮೊದಲ ಆಲ್ಬಂಗಳ ರಾಯಧನವೂ ಅವರ ಕೈತಪ್ಪಿತು. ಅವರು ಮಾಡಿದ್ದು ತಪ್ಪೇ. ಆದರೂ ಹನ್ನೊಂದು ವರ್ಷಗಳ ಹಿಂದೆ ಆ ಹೆಸರನ್ನು ಹೇಗೆ ಕಳೆದುಕೊಂಡಿದ್ದರೆಂಬುದನ್ನು ಬಿಟ್ಟು, ನೀವು ಅವರನ್ನು ನಗೆಪಾಟಲು ಮಾಡಿದ್ದೀರಿ. 2016ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಕ್ಕೆ ಇಡೀ ಪುಟ ಕೊಟ್ಟವರು, ಆ ಪಟ್ಟಿಯಲ್ಲಿ ಇವಾನ್ಸರ ಹೆಸರಿದ್ದು ಸಿಂಪರರ ಹೆಸರಿರಲಿಲ್ಲವೆಂದು ಒಂದು ಮಾತನ್ನಾದರೂ ಬರೆಯಬಹುದಿತ್ತು.

ನಾನು ನಿಮ್ಮ ವಯಸ್ಸಿನವನಿದ್ದಾಗ ಹಿರಿಯ ಗಾಯಕರೊಬ್ಬರ ಬಗ್ಗೆ ಬರೆದ ಲೇಖನದಿಂದ, ಅವರು ಕೈಬಿಟ್ಟ ಪಕ್ಕವಾದ್ಯದವರ ವಿಷಯವನ್ನು ಸಂಪಾದಕರೊಬ್ಬರು ತೆಗೆದುಹಾಕಿದರು. ದೊಡ್ಡವರ ಮನಸ್ಸಿಗೆ ನೋವಾಗಬಾರದಂತೆ. ಆ ಸಿಟ್ಟು ನನ್ನಲ್ಲಿ ಇಂದಿಗೂ ಆರಿಲ್ಲ. ಯಾರೂ ಕೇಳದಿದ್ದರೂ ನೀವೇ ನಿಮ್ಮ ಪುಟಗಳಿಂದ ಅಂಥವರನ್ನು ತೆಗೆದಿರುವುದನ್ನು ನಾನು ಹೇಗೆ ಸಹಿಸಲಿ?

ನಿಮ್ಮ ಕಿವಿ ಚೆನ್ನಾಗಿದೆ. ಜಾನ್ ಲಾರ್ಡ್‌ರ ಹ್ಯಾಮಂಡ್ ಆರ್ಗನ್ನಿನ ಬಗ್ಗೆ ನೀವು ಬರೆದ ಪುಟಗಳನ್ನು ಎರಡು ಬಾರಿ ಓದಿ ಸಂತೋಷಪಟ್ಟೆ. ಮುಂದೆ ಮತ್ತೆ ಒಂದಾದ ತಂಡ ಗಿಲನ್‌ರನ್ನೂ 1989ರಲ್ಲಿ ಹೊರಗೆ ಕಳಿಸಿತು, 1992ರಲ್ಲಿ ಮತ್ತೆ ಕರೆಸಿಕೊಂಡಿತು. ಅದನ್ನು 1969ರ ಪಕ್ಕದಲ್ಲಿಟ್ಟು ನೋಡಿ. ಸಿಂಪರ್ ಆಮೇಲೆ ಕಟ್ಟಿದ ವಾರ್‌ಹಾರ್ಸ್ ತಂಡವನ್ನೂ ಕೇಳಿ, ಎರಡನೆಯ ಅಧ್ಯಾಯವನ್ನು ಹೊಸದಾಗಿ ಬರೆದು ನನಗೇ ಮೊದಲು ಕಳಿಸಿ.

ನಿಮ್ಮ ಹಿತೈಷಿ