ಮಗಳಿಗೊಂದು ಪತ್ರ: ಲಾಹೋರಿನಿಂದ ಬಂದ ದನಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊಹಾಲಿಯಲ್ಲಿ ನಿನ್ನ ಕಿವಿಗೆ ಬೀಳುವ ಪಂಜಾಬಿ ಹಾಡುಗಳೆಲ್ಲ ಒಂದೇ ಅಬ್ಬರದವು ಎಂದೂ, ಹಳಬರಲ್ಲಿ ಯಾರನ್ನು ಕೇಳಬೇಕು ಎಂದೂ ವಿಚಾರಿಸಿದ್ದೆಯಲ್ಲ, ಫೋನಿನಲ್ಲಿ ಒಂದು ಹೆಸರು ಹೇಳಿ ಮುಗಿಸುವ ವಿಷಯ ಅದಲ್ಲವೆಂದು ಬರೆಯಲು ಕುಳಿತಿದ್ದೇನೆ. ಹೆಸರು ಸುರಿಂದರ್ ಕೌರ್. ಪಂಜಾಬಿನವರು ಅವರನ್ನು 'ಪಂಜಾಬಿನ ಕೋಗಿಲೆ' ಎನ್ನುತ್ತಾರೆ. ಚೆನ್ನಾಗಿ ಹಾಡುವವರಿಗೆಲ್ಲ ನಮ್ಮ ದೇಶದಲ್ಲಿ ಈ ಬಿರುದು ಸಿಗುವುದರಿಂದ ಅದನ್ನು ಬದಿಗಿಟ್ಟು, ಅವರು ಏನನ್ನು ಹಾಡಿದರು, ಯಾವುದನ್ನು ಬಿಟ್ಟುಬಂದರು ಎಂಬುದನ್ನು ಹೇಳುತ್ತೇನೆ.

ಅವರು ಹುಟ್ಟಿದ್ದು 1929ರ ನವೆಂಬರ್ 25ರಂದು, ಲಾಹೋರಿನ ಒಂದು ಸಿಖ್ ಕುಟುಂಬದಲ್ಲಿ. ಹತ್ತು ವರ್ಷ ದೊಡ್ಡವರಾದ ಅಕ್ಕ ಪ್ರಕಾಶ್ ಕೌರ್ ಕೂಡ ಗಾಯಕಿ. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳು ಹಾಡುವುದಕ್ಕೆ ಒಪ್ಪಿಗೆ ಸುಲಭವಾಗಿ ಸಿಕ್ಕಿರಲಿಲ್ಲ. ಆ ಕಾಲದ ಲಾಹೋರಿನಲ್ಲಿ ರೇಡಿಯೊಗೂ ಗ್ರಾಮಫೋನ್ ತಟ್ಟೆಗೂ ಹಾಡುತ್ತಿದ್ದ ಹೆಂಗಸರಲ್ಲಿ ಬಹುಪಾಲು ಜನ ಕುಲವೃತ್ತಿಯಾಗಿ ಹಾಡಿಕೊಂಡು ಬಂದ ಮನೆಗಳವರು. ಗೃಹಸ್ಥರ ಮನೆಯ ಮಗಳು ಮೈಕಿನ ಮುಂದೆ ನಿಂತರೆ ಜನ ಏನೆಂದುಕೊಂಡಾರು ಎಂಬ ಅಂಜಿಕೆ ಹೆತ್ತವರಿಗಿತ್ತು. ಅಣ್ಣನೊಬ್ಬ ತಂಗಿಯರ ಪರವಾಗಿ ನಿಂತದ್ದರಿಂದ ದಾರಿ ತೆರೆಯಿತು. ಮಾಸ್ಟರ್ ಇನಾಯತ್ ಹುಸೇನ್ ಅವರಂಥ ಗುರುವಿನಲ್ಲಿ ಶಾಸ್ತ್ರೀಯ ಸಂಗೀತದ ಪಾಠವಾಯಿತು. 1943ರ ಆಗಸ್ಟ್‌ನಲ್ಲಿ ಲಾಹೋರ್ ರೇಡಿಯೊದಲ್ಲಿ ಅವರು ಮೊದಲ ಬಾರಿಗೆ ಹಾಡಿದರು. ಅದೇ ತಿಂಗಳ ಕೊನೆಯ ದಿನ ಅಕ್ಕತಂಗಿಯರಿಬ್ಬರೂ ಸೇರಿ ಎಚ್‌ಎಂವಿ ಕಂಪನಿಗಾಗಿ ಮೊದಲ ಧ್ವನಿಮುದ್ರಣ ಮಾಡಿದರು. ಸುರಿಂದರ್‌ಗೆ ಆಗಿನ್ನೂ ಹದಿಮೂರು ವರ್ಷ.

ಆ ಹಾಡು 'ಮಾವಾಂ ತೇ ಧೀಯಾಂ ರಲ್ ಬೈಠಿಯಾಂ'. ತಾಯಂದಿರೂ ಹೆಣ್ಣುಮಕ್ಕಳೂ ಒಟ್ಟಿಗೆ ಕುಳಿತು ಮಾತಾಡಿಕೊಳ್ಳುವ ಹಾಡು ಅದು. ಮದುವೆಯಾಗಿ ಹೋದ ಮಗಳು ತವರಿಗೆ ಬಂದು, ಗೋಧಿಯ ತೆನೆ ಎತ್ತರಕ್ಕೆ ಬೆಳೆದಿದೆ, ಹೆಣ್ಣುಮಕ್ಕಳನ್ನು ಏಕಾದರೂ ಹೆರುತ್ತಾರೋ ಎಂದು ತಾಯಿಯನ್ನು ಕೇಳುತ್ತಾಳೆ. ಇದನ್ನು ಕಟ್ಟಿದವರು ಯಾರೆಂದು ಯಾರೂ ಬರೆದಿಟ್ಟಿಲ್ಲ. ನಮ್ಮಲ್ಲಿ ಮದುವೆ ಮನೆಯ ಸೋಬಾನೆ ಪದಗಳನ್ನು ಅಜ್ಜಿಯಂದಿರು ಹಾಡಿಕೊಂಡು ಬಂದ ಹಾಗೆಯೇ ಪಂಜಾಬಿನಲ್ಲಿ ಹೆಣ್ಣಿನ ಮನೆಯ ಸುಹಾಗ್, ಗಂಡಿನ ಮನೆಯ ಘೋಡಿ, ಗಿದ್ಧಾ ಕುಣಿತದ ಬೋಲಿಗಳು ಹೆಂಗಸರ ಬಾಯಿಂದ ಬಾಯಿಗೆ ದಾಟಿ ಬಂದವು. ದುಡ್ಡು ಕೊಟ್ಟು ಕೇಳುವ ಸಂಗೀತವೆಂದು ಅವನ್ನು ಯಾರೂ ಎಣಿಸುತ್ತಿರಲಿಲ್ಲ. ಅಂಥದ್ದನ್ನು ಮೂರು ಚಿಲ್ಲರೆ ನಿಮಿಷಕ್ಕೆ ಹೊಂದಿಸಿ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಮೇಲೆ ತಂದದ್ದರಿಂದ ಅಂಗಳದ ಹಾಡು ಅಂಗಡಿಯಲ್ಲಿ ಸಿಗುವಂತಾಯಿತು, ಹಾಡಿದವಳ ಹೆಸರೂ ಅದರ ಮೇಲೆ ಅಚ್ಚಾಯಿತು. ಇದು ಲಾಭವೋ ನಷ್ಟವೋ ಎಂದು ಪಂಡಿತರು ವಾದಿಸಬಹುದು. ನನಗಂತೂ ಲಾಭವೆಂದೇ ಅನ್ನಿಸುತ್ತದೆ.

1947ರಲ್ಲಿ ಲಾಹೋರು ಗಡಿಯ ಆಚೆಗೆ ಉಳಿಯಿತು, ಕುಟುಂಬ ದೆಹಲಿಯ ಕಡೆಗೆ ಬಂತು. ಮರುವರ್ಷ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಜಾಬಿ ಸಾಹಿತ್ಯ ಕಲಿಸುತ್ತಿದ್ದ ಪ್ರೊಫೆಸರ್ ಜೋಗಿಂದರ್ ಸಿಂಗ್ ಸೋಧಿಯವರೊಡನೆ ಸುರಿಂದರ್ ಅವರ ಮದುವೆಯಾಯಿತು. ಮದುವೆಯೊಂದಿಗೆ ಹಾಡು ನಿಂತುಹೋದ ಹೆಂಗಸರ ಕಥೆ ಎಲ್ಲ ಊರುಗಳಲ್ಲೂ ಇದೆ, ಆದರೆ ಇಲ್ಲಿ ಗಂಡನೇ ಅವರ ಕಂಠದ ಬೆಲೆ ತಿಳಿದು ಬೆನ್ನ ಹಿಂದೆ ನಿಂತರು. ಸಂಗೀತ ನಿರ್ದೇಶಕ ಗುಲಾಂ ಹೈದರ್ ಬೊಂಬಾಯಿಯಲ್ಲಿ ಅವಕಾಶ ಕೊಟ್ಟರು. 1948ರ 'ಷಹೀದ್' ಚಿತ್ರದಲ್ಲಿ ಸುರಿಂದರ್ ಹಾಡಿದ 'ಬದ್‌ನಾಮ್ ನ ಹೋ ಜಾಯೇ' ಗೀತೆಯನ್ನು ಹಳೆಯ ಹಿಂದಿ ಹಾಡು ಕೇಳುವವರು ಈಗಲೂ ಮರೆತಿಲ್ಲ. ಈ ಚಿತ್ರಕ್ಕೇ ಗುಲಾಂ ಹೈದರ್ ಅವರು ಲತಾ ಮಂಗೇಶ್ಕರ್ ಎಂಬ ಹೊಸ ಹುಡುಗಿಯನ್ನೂ ಕರೆದೊಯ್ದಿದ್ದರು. ಧ್ವನಿ ತೀರ ತೆಳು ಎಂದು ನಿರ್ಮಾಪಕರು ಬೇಡವೆಂದದ್ದನ್ನು ಲತಾ ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಅಂದರೆ ಆ ಒಂದು ಚಿತ್ರದ ಮಟ್ಟಿಗೆ ಸುರಿಂದರ್ ಕೌರ್ ಒಳಗಿದ್ದರು, ಲತಾ ಹೊರಗಿದ್ದರು.

ಹೀಗಿದ್ದೂ 1952ರಲ್ಲಿ ಅವರು ಬೊಂಬಾಯಿ ಬಿಟ್ಟು ದೆಹಲಿಗೆ ಮರಳಿದರು. ಅಷ್ಟರಲ್ಲಿ ಲತಾ ಅವರ ಯುಗ ಆರಂಭವಾಗಿತ್ತು, ಆದ್ದರಿಂದ ಸುರಿಂದರ್‌ಗೆ ಅಲ್ಲಿ ಜಾಗವಿರಲಿಲ್ಲ ಎಂದು ಕೆಲವರು ಲೆಕ್ಕ ಹಾಕಬಹುದು. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಸಿನಿಮಾ ಗಾಯಕಿ ಬೇರೆಯವರು ಬರೆದು ರಾಗ ಹಾಕಿದ್ದನ್ನು, ತೆರೆಯ ಮೇಲಿನ ಇನ್ನೊಬ್ಬಳಿಗಾಗಿ, ತಾನು ಮರೆಯಲ್ಲಿ ನಿಂತು ಹಾಡಬೇಕು. ಅವರ ಮನಸ್ಸಿದ್ದದ್ದು ಪಂಜಾಬಿನ ಜಾನಪದದಲ್ಲಿ, ಎದುರಿಗೆ ಜನ ಕುಳಿತಿರುವ ವೇದಿಕೆಯಲ್ಲಿ. ಗಂಡಹೆಂಡಿರಿಬ್ಬರೂ ಇಪ್ಟಾ ಎಂದು ಹೆಸರಾದ ಭಾರತೀಯ ಜನನಾಟ್ಯ ಸಂಘದಲ್ಲಿ ತೊಡಗಿ ಪಂಜಾಬಿನ ದೂರದ ಊರುಗಳಿಗೆ ಹಾಡು ಕೊಂಡೊಯ್ದರು. ಹಾಡನ್ನು ಹಳ್ಳಿಯಿಂದ ಪೇಟೆಗೆ ತಂದವರು ಅದನ್ನು ಮತ್ತೆ ಹಳ್ಳಿಗೆ ಒಯ್ಯುವುದು ಅಪರೂಪ, ಅದನ್ನೂ ಅವರು ಮಾಡಿದರು.

ಈಗ ಹಾಡುಗಳ ವಿಷಯಕ್ಕೆ ಬರುತ್ತೇನೆ. ಮೊದಲು 'ಜುತ್ತೀ ಕಸೂರೀ' ಕೇಳು. ಲಾಹೋರಿನ ದಕ್ಷಿಣಕ್ಕಿರುವ ಕಸೂರು ಕುಸುರಿ ಕೆಲಸದ ಚರ್ಮದ ಜೋಡುಗಳಿಗೆ ಹೆಸರಾದ ಊರು. ಹೊಸ ಮದುವಣಗಿತ್ತಿಯ ಕಾಲಿಗೆ ಆ ಜೋಡು ಬಿಗಿಯಾಗಿದೆ, ಅತ್ತೆಯ ಮನೆಯ ದಾರಿ ಬಹಳ ಉದ್ದ, ಗಂಡನಾದವನು ಒಂದು ಜಟಕಾ ಕೂಡ ಗೊತ್ತುಮಾಡದೆ ನಡೆಸಿಕೊಂಡೇ ಹೊರಟಿದ್ದಾನೆ. ಇಷ್ಟೇ ವಿಷಯ. ಸುರಿಂದರ್ ಇದನ್ನು ಗೋಳಿನ ಹಾಡಾಗಿಸುವುದಿಲ್ಲ, ತಮಾಷೆಯಾಗಿಯೂ ತೇಲಿಸಿಬಿಡುವುದಿಲ್ಲ. ಕೊಂಚ ಕೋಪ, ಕೊಂಚ ಮುದ್ದು, ಅಪರಿಚಿತ ದಾರಿಯ ಅಳುಕು ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ವಿಭಜನೆಯ ನಂತರ ಆ ಕಸೂರು ಪಾಕಿಸ್ತಾನಕ್ಕೆ ಸೇರಿಹೋಗಿತ್ತು ಎಂಬುದನ್ನು ಕೇಳುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನೊಂದು 'ಲಠ್ಠೇ ದೀ ಚಾದರ್', ಮುನಿಸಿಕೊಂಡು ಪಕ್ಕದಲ್ಲೇ ಹಾದುಹೋಗುವ ನಲ್ಲನನ್ನು ಛೇಡಿಸುವ ಹಾಡು. ಗಡಿಯಾಚೆ ಮುಸರ್ರತ್ ನಜೀರ್ ಅವರು ಹಾಡಿದ ಇದೇ ಹಾಡು ಅಲ್ಲಿ ಮನೆಮಾತಾಗಿದೆ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನಿನಗೆ ಯಾವುದು ಹಿಡಿಸಿತೆಂದು ತಿಳಿಸು.

ಜಾನಪದವಷ್ಟನ್ನೇ ಅವರು ಹಾಡಲಿಲ್ಲ. ಬುಲ್ಲೇ ಶಾಹರ ಸೂಫಿ ಪದಗಳನ್ನೂ, ತಮ್ಮ ಕಾಲದ ಕವಿಗಳಾದ ನಂದಲಾಲ್ ನೂರ್‌ಪುರಿ, ಮೋಹನ್ ಸಿಂಗ್, ಅಮೃತಾ ಪ್ರೀತಮ್, ಶಿವಕುಮಾರ್ ಬಟಾಲ್ವಿ ಮುಂತಾದವರ ರಚನೆಗಳನ್ನೂ ಹಾಡಿದರು. ಪಂಜಾಬಿ ಸಾಹಿತ್ಯದ ಅಧ್ಯಾಪಕರೊಬ್ಬರು ಮನೆಯಲ್ಲೇ ಇದ್ದದ್ದು ಈ ಆಯ್ಕೆಗೆ ನೆರವಾಗಿರಲೇಬೇಕು. ಬಟಾಲ್ವಿಯವರ ಕವಿತೆಯಲ್ಲಿನ ವಿರಹಕ್ಕೆ ಸ್ವಲ್ಪ ಅತಿಯಾಗುವ ಅಪಾಯವಿದೆ, ಸುರಿಂದರ್ ಅವರ ದನಿ ಅದನ್ನು ಹದದಲ್ಲಿ ಹಿಡಿಯುತ್ತದೆ. ಆಸಾ ಸಿಂಗ್ ಮಸ್ತಾನಾ, ಹರ್‌ಚರಣ್ ಗ್ರೇವಾಲ್, ರಂಗೀಲಾ ಜಟ್, ದೀದಾರ್ ಸಂಧು ಅವರೊಡನೆ ಹಾಡಿದ ಯುಗಳಗೀತೆಗಳ ಗುಣ ಬೇರೆಯೇ. ಗಂಡು ಒಂದು ಮಾತು ಎಸೆದರೆ ಹೆಣ್ಣು ಎರಡು ಹಿಂದಿರುಗಿಸುವ ಸವಾಲು ಜವಾಬು ಅಲ್ಲಿದೆ. ಎಲ್ಲ ಸೇರಿ ಎರಡು ಸಾವಿರಕ್ಕೂ ಹೆಚ್ಚು ಹಾಡುಗಳೆಂದು ಹೇಳುತ್ತಾರೆ.

1984ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2006ರಲ್ಲಿ ಪದ್ಮಶ್ರೀ ಬಂದವು. ಪದ್ಮಶ್ರೀ ಬರುವ ಹೊತ್ತಿಗೆ ಮೊದಲ ಧ್ವನಿಮುದ್ರಣವಾಗಿ ಅರವತ್ತು ವರ್ಷ ಮೀರಿತ್ತು. ಆ ಹೆಸರನ್ನು ಶಿಫಾರಸು ಮಾಡಿದ್ದು ಕೂಡ ಪಂಜಾಬ್ ಅಲ್ಲ, ಹರಿಯಾಣ. ಕೊನೆಗಾಲದಲ್ಲಿ ಅವರು ನೆಲೆಸಿದ್ದು ಹರಿಯಾಣದ ಪಂಚಕುಲಾದಲ್ಲಿ, ಅಂದರೆ ನಿನ್ನ ಊರಿಗೆ ಹತ್ತಿರದಲ್ಲೇ. ಆದರೂ ಐದು ದಶಕಕ್ಕೂ ಮೇಲ್ಪಟ್ಟು ಒಂದು ನಾಡಿನ ಹಾಡು ಹಾಡಿದವರ ವಿಷಯದಲ್ಲಿ ಆ ನಾಡಿನ ಸರ್ಕಾರ ಹಾಗೆ ನಡೆದುಕೊಂಡದ್ದು ಅವರಿಗೆ ನೋವಾಗಿತ್ತು, ಆಗಬೇಕಾದದ್ದೇ. 2005ರ ಡಿಸೆಂಬರ್‌ನಲ್ಲಿ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ ಅವರು 2006ರ ಜೂನ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ತೀರಿಕೊಂಡರು.

ಗಂಡ 1976ರಲ್ಲೇ ತೀರಿಹೋಗಿದ್ದರು. ಆ ಬಳಿಕ ಜೊತೆಗೆ ನಿಂತು ಹಾಡಿದವರು ಮಗಳು ಡಾಲಿ ಗುಲೇರಿಯಾ. ಮೊಮ್ಮಗಳು ಸುನೈನಿಯೂ ಸೇರಿದ ಮೇಲೆ, 1995ರಲ್ಲಿ ಮೂರು ತಲೆಮಾರಿನವರು ಒಟ್ಟಾಗಿ ಹಾಡಿದ ಧ್ವನಿಸುರುಳಿ ಹೊರಬಂತು. ನಾನು ಹೇಳಿದ ಹಾಡುಗಳು ನೆಟ್‌ನಲ್ಲಿ ಸಿಗುತ್ತವೆ, ಆದರೆ ಆ ಸುರುಳಿಯ ಅಸಲು ಕ್ಯಾಸೆಟ್ ಚಂಡೀಗಢದ ಯಾವುದಾದರೂ ಹಳೆಯ ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ತೆಗೆದಿಟ್ಟುಕೋ. ನಮ್ಮ ಟೇಪ್ ರೆಕಾರ್ಡರ್ ಇನ್ನೂ ಓಡುತ್ತಿದೆ.

ಇಂತು,
ನಿನ್ನ ಅಪ್ಪ