ತೂತು ಬಿದ್ದ ಕೊಡದ ಲೆಕ್ಕ ಕಲಿಸಿದವರಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿಯಿತು. ಆರು ವರ್ಷ ಹಿಡಿಯಿತು. ಎರಡನೇ ವರ್ಷ ನೆನೆದರೆ ಈಗಲೂ ಸಂಕಟ ಆಗುತ್ತದೆ. ಆಗ ಕೈಹಿಡಿದವರಿಗೆ ನಾಲ್ಕು ಮಾತು ಬರೆಯಲೇಬೇಕು. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ.

ನನ್ನ ಕೆಲಸ ಇಲಿ ಮಿದುಳಿನ ತೆಳು ಹೋಳುಗಳಲ್ಲಿ. ದಪ್ಪ 0.3 ಮಿಲಿಮೀಟರ್. ಆಕ್ಸಿಜನ್ ಗುಳ್ಳೆ ಬಿಟ್ಟ ಉಪ್ಪುನೀರಿನಲ್ಲಿ ಅದನ್ನು ಜೀವಂತ ಇಟ್ಟು, ಗಾಜಿನ ಸಣ್ಣ ನಳಿಗೆಯನ್ನು ಒಂದು ನರಕೋಶಕ್ಕೆ ಅಂಟಿಸಿ, ಒಳಗಿನ ವೋಲ್ಟೇಜ್ ಅಳೆಯಬೇಕು. ನಳಿಗೆಯ ತುದಿ ಒಂದೆರಡು ಮೈಕ್ರಾನ್, ಅಷ್ಟೇ. ಬಾಯಿಂದ ಮೆಲ್ಲಗೆ ಗಾಳಿ ಹೀರಿ ಅದನ್ನು ಅಂಟಿಸಲು ಕಲಿಸಿದವರು ಲ್ಯಾಬಿನ ಟೆಕ್ನಿಷಿಯನ್ ಅಣ್ಣ. ನಳಿಗೆ ಕೋಶಕ್ಕೆ ಬಿಗಿಯಾಗಿ ಕೂರುವ ಆ ಸೀಲ್ ಎಷ್ಟು ಸಲ ಕೈಕೊಟ್ಟರೂ "ಇನ್ನೊಂದು ಹಾಕಿ ಮೇಡಂ" ಅನ್ನುತ್ತಿದ್ದರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ.

ಆದರೆ ಸಿನಾಪ್ಸಿನಲ್ಲಿ, ಅಂದರೆ ಎರಡು ನರಕೋಶ ಸೇರುವ ಜಾಗದಲ್ಲಿ, ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಸಿಗ್ನಲ್, ನನ್ನ ಸ್ಕ್ರೀನಿನ ಮೇಲೆ ಗುಡ್ಡದ ಹಾಗೆ ಹರಡಿಕೊಳ್ಳುತ್ತಿತ್ತು. ವೈರ್ ಬದಲಿಸಿದೆ, ಆಂಪ್ಲಿಫೈಯರ್ ಬದಲಿಸಿದೆ. ಎರಡು ತಿಂಗಳು ಹೋಯಿತು. ರಾತ್ರಿ ನಿದ್ದೆ ಇಲ್ಲ.

ಒಂದು ಸಂಜೆ ಸೀನಿಯರ್ ಅಕ್ಕ ಪಕ್ಕ ಬಂದು ಕೂತರು. "ಸುಮ್ನೆ ಸ್ವಲ್ಪ ಕರೆಂಟ್ ಕೊಡು, ಏನಾಗುತ್ತೆ ನೋಡು" ಅಂದರು. ಕೋಶ ಸುಮ್ಮನಿರುವಾಗಿನ −70 ಮಿಲಿವೋಲ್ಟಿನಿಂದ ಗೆರೆ ಥಟ್ಟನೆ ಏರಲಿಲ್ಲ. ಬಾಗಿ ಬಾಗಿ ಏರಿತು. ಏರಬೇಕಾದ ಎತ್ತರದಲ್ಲಿ ನೂರಕ್ಕೆ 63 ಪಾಲು (ವೇಗ ಅಳೆಯಲು ನಾವು ಬಳಸುವ ಗುರುತು) ಮುಟ್ಟಲು 20 ಮಿಲಿಸೆಕೆಂಡ್. "ಮಷಿನ್ ಸರಿಯಾಗೇ ಇದೆ ಕಣೇ. ಇದು ಕೋಶದ ಪೊರೆಯ ಗುಣ."

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನಲ್ಲಿ ಬಿಟ್ಟ ತಕ್ಷಣ ತೂತು ಕೊಡ ತುಂಬುತ್ತಾ? ನಿಲ್ಲಿಸಿದ ತಕ್ಷಣ ಖಾಲಿಯಾಗುತ್ತಾ?" ಅಂದಳು. ಅದೇ ಅಲ್ವಾ! ಕೊಡದ ಅಗಲ ಪೊರೆಯ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಗುಣ. ತೂತು ಅಂದರೆ ಅಯಾನ್ ಚಾನೆಲ್, ವಿದ್ಯುತ್ ಹೊತ್ತ ಕಣಗಳು ಪೊರೆ ದಾಟುವ ಕಂಡಿ. ಕೊಡ ಅಗಲವಾಗಿ ತೂತು ಸಣ್ಣದಾದಷ್ಟೂ ಹೊತ್ತು ಜಾಸ್ತಿ. ದೂರದ ಡೆಂಡ್ರೈಟ್ ಕೊಂಬೆಯಿಂದ (ಸಿಗ್ನಲ್ ಪಡೆಯಲು ಕೋಶ ಚಾಚಿದ ಕವಲು) ಬಂದದ್ದು ಇನ್ನೂ ಕುಗ್ಗಿ, ಹರಡಿ, ತಡವಾಗಿ ತಲುಪುತ್ತದೆ. ನರಕೋಶದ ಗಣಿತ ಬರೆದ ವಿಜ್ಞಾನಿ ವಿಲ್ಫ್ರಿಡ್ ರಾಲ್ 1960ರ ದಶಕದಲ್ಲೇ ಈ ಲೆಕ್ಕ ಹಾಕಿಟ್ಟಿದ್ದರು. ಅವರಿಗೂ ನನ್ನ ನಮಸ್ಕಾರ.

ಕೋಶದ ಹೊರಗೆ ಎಲೆಕ್ಟ್ರೋಡ್ ಇಟ್ಟರೂ ಪೊರೆಯದೇ ಆಟ. ವೇಗದ ಕರೆಂಟ್ ಹತ್ತಿರದಲ್ಲೇ ಪೊರೆ ದಾಟಿ ಹೊರಬೀಳುತ್ತದೆ. ನಿಧಾನದ್ದು ಕೊಂಬೆಯೊಳಗೆ ದೂರ ಸಾಗುತ್ತದೆ. ನನ್ನ ಮೂರನೇ ಅಧ್ಯಾಯ ಪೂರ್ತಿ ಇದೇ.

ಪ್ರಾಣ ಕೊಟ್ಟ ಇಲಿಗಳನ್ನೂ ನೆನೆಯುತ್ತೇನೆ.

ಥೀಸಿಸ್ಸಿನ ಮೊದಲ ಚಿತ್ರ ಆ ಸಂಜೆಯ ಬಾಗಿದ ಗೆರೆ. ಒಂದು ಪ್ರಿಂಟ್ ಅಕ್ಕನಿಗೆ ಕೊಟ್ಟೆ, ಒಂದನ್ನು ಅಣ್ಣನ ಬೆಂಚಿನ ಮೇಲೆ ಅಂಟಿಸಿದೆ. ಇನ್ನೊಂದು ಅಮ್ಮನಿಗೆ ಪೋಸ್ಟ್ ಮಾಡಿದ್ದೇನೆ.