48 ವಾರಗಳ ಋಣ

ನನ್ನ ರಕ್ತದಲ್ಲಿ ಯಕೃತ್ತನ್ನು ಕಾಡುವ ಹೆಪಟೈಟಿಸ್ ಸಿ ವೈರಸ್ ಪತ್ತೆಯಾಗಿಲ್ಲವೆಂಬ ಒಂದೇ ಸಾಲಿನ ವರದಿ ಕೈಸೇರಿದ್ದು 2013ರ ಜೂನ್ ತಿಂಗಳಲ್ಲಿ, ಚಿಕಿತ್ಸೆ ಮುಗಿದು 24 ವಾರಗಳಾದ ಮೇಲೆ. ಅದಕ್ಕೀಗ ಹನ್ನೆರಡು ವರ್ಷ ತುಂಬಿದೆ. ಅಂದು ಬಹಳ ಮಂದಿ ಅಭಿನಂದಿಸಿದರು, ನಾನು ಮಾತ್ರ ಯಾರಿಗೂ ಸರಿಯಾಗಿ ಕೃತಜ್ಞತೆ ಹೇಳಲಿಲ್ಲ. ಹೇಳಬೇಕಾಗಿದ್ದುದು ಯಕೃತ್ತಿನ ವಿಷಯವಾಗಿದ್ದರೆ ಸುಲಭವಾಗಿತ್ತು. ಅದು ಮನಸ್ಸಿನ ವಿಷಯವಾಗಿತ್ತು, ನಾಲ್ಕು ಜನರೆದುರು ಅದನ್ನು ಆಡುವುದಕ್ಕೆ ಸಂಕೋಚವಿತ್ತು. ತಡವಾಗಿಯಾದರೂ ಆ ಋಣವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ವೈರಸ್ಸಿನ ಬಗೆಗಳಲ್ಲಿ ನನ್ನದು ಜೀನೋಟೈಪ್ 1 ಎಂಬುದಾಗಿದ್ದರಿಂದ ಚಿಕಿತ್ಸೆಯ ಅವಧಿ 48 ವಾರಗಳೆಂದು ನಿರ್ಧಾರವಾಯಿತು. ವಾರಕ್ಕೊಮ್ಮೆ ಚರ್ಮದಡಿಗೆ ಪೆಗ್‌ಇಂಟರ್‌ಫೆರಾನ್ (ದೇಹದಲ್ಲಿ ಹೆಚ್ಚು ದಿನ ಉಳಿಯುವ ಇಂಟರ್‌ಫೆರಾನ್) ಚುಚ್ಚುಮದ್ದು, ದಿನಕ್ಕೆರಡು ಹೊತ್ತು ರಿಬಾವಿರಿನ್ ಎಂಬ ವೈರಸ್ ನಿರೋಧಕ ಔಷಧಿ. ಮೊದಲ ಚುಚ್ಚುಮದ್ದಿಗೂ ಮುಂಚೆ ನನ್ನ ವೈದ್ಯರು, ಹಿಂದೆಂದಾದರೂ ಖಿನ್ನತೆ ಬಂದಿತ್ತೆ, ನಿದ್ದೆ ಹೇಗಿದೆ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೆ ಎಂದು ಅರ್ಧ ಗಂಟೆ ವಿಚಾರಿಸಿದರು. ಲಿವರ್ ತೋರಿಸಲು ಬಂದವನಿಗೆ ಇದೇನು ವಿಚಾರಣೆ ಎಂದು ನನಗೆ ಕಿರಿಕಿರಿಯಾಗಿತ್ತು. ಅವರು ಅದನ್ನು ಲೆಕ್ಕಿಸದೆ, ಇಂಟರ್‌ಫೆರಾನ್ ಎಂಬುದು ವೈರಸ್ ದಾಳಿಯಾದಾಗ ನಮ್ಮ ದೇಹವೇ ತಯಾರಿಸುವ ಪ್ರೋಟೀನು, 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಅದನ್ನು ಗುರುತಿಸಿದರು, ಜ್ವರ ಬಂದಾಗ ಮೈಕೈ ನೋವು, ಯಾರ ಸಹವಾಸವೂ ಬೇಡವೆನಿಸುವ ಮಂಕು ಇವೆಲ್ಲದರ ಹಿಂದೆ ಇಂಥ ವಸ್ತುಗಳ ಕೈವಾಡವಿರುತ್ತದೆ, ಅದನ್ನೇ ಈಗ ಸುಮಾರು ಒಂದು ವರ್ಷ ಹೊರಗಿನಿಂದ ಕೊಡುತ್ತೇವೆ ಎಂದು ವಿವರಿಸಿದರು. ಮೂರು ನಾಲ್ಕು ರೋಗಿಗಳಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಹೆಚ್ಚಾಗಿ ಮೊದಲ 12 ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ ಎಂದೂ ಹೇಳಿದರು. ಜೊತೆಗೆ, "ಮುಂದಿನ ಸಲ ನಿಮ್ಮ ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ, ಇದು ನಿಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ" ಎಂದರು. ನನ್ನ ಮೊದಲ ನಮಸ್ಕಾರ ಆ ಅರ್ಧ ಗಂಟೆಗೆ.

ಕರೆದುಕೊಂಡು ಹೋದದ್ದು ಅಕ್ಕನನ್ನು. ಅವಳು ಅಂದೇ ಒಂದು ನೋಟ್‌ಬುಕ್ ತೆರೆದಳು.

ಖಿನ್ನತೆ ಎಂದರೆ ಅಳುವುದು ಎಂದೇ ನಾನು ತಿಳಿದಿದ್ದೆ. ಆ ವರ್ಷವೆಲ್ಲ ನಾನು ಒಮ್ಮೆಯೂ ಅಳಲಿಲ್ಲ. ಮೊದಲ ವಾರಗಳಲ್ಲಿ ಚಳಿಜ್ವರ, ಸುಸ್ತು, ನಿದ್ದೆಯಿಲ್ಲದ ರಾತ್ರಿಗಳು. ಒಂಬತ್ತನೆಯ ವಾರದ ಹೊತ್ತಿಗೆ ಮಗಳು ಪುಸ್ತಕದ ಹಾಳೆ ತಿರುವುವ ಸದ್ದಿಗೂ ರೇಗುವ ಸ್ಥಿತಿ ಬಂತು, ರೇಗಿದ ಮೇಲೆ ನಾಚಿಕೆ, ಕೊನೆಕೊನೆಗೆ ನಾಚಿಕೆಯೂ ಇಲ್ಲದ ಒಂದು ಬರಡುತನ. ನಾನಿಲ್ಲದಿದ್ದರೆ ಮನೆಯವರ ಖರ್ಚು, ಓಡಾಟ ಎಲ್ಲ ಕಡಿಮೆಯಾಗುತ್ತದೆಂಬ ಯೋಚನೆ ಕೂಡಿ ಕಳೆದ ಲೆಕ್ಕದಷ್ಟು ತಣ್ಣಗೆ ಮನಸ್ಸಿನಲ್ಲಿ ಕೂತುಬಿಟ್ಟಿತು, ಮತ್ತು ಆ ಲೆಕ್ಕದಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಹಿತೈಷಿಯೊಬ್ಬರು ಮನಸ್ಸು ಗಟ್ಟಿ ಮಾಡಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದರು. ಅವರ ಮೇಲೆ ಈಗ ಸಿಟ್ಟಿಲ್ಲ. ಸ್ವಲ್ಪ ಇದೆ.

ಪ್ರತಿ ವಾರ ಚುಚ್ಚುಮದ್ದು ಕೊಡುತ್ತಿದ್ದ ನರ್ಸ್ ಅಮ್ಮನವರು, ಜ್ವರ ಬಂತಾ, ಊಟ ಸೇರಿತಾ ಎಂದು ಕೇಳುವ ಅದೇ ದನಿಯಲ್ಲಿ "ಬದುಕೋದೇ ಬೇಡ ಅನ್ನಿಸ್ತಾ ಇದೆಯಾ?" ಎಂದು ಕೇಳುತ್ತಿದ್ದರು. ಹತ್ತು ವಾರ ಇಲ್ಲವೆಂದೆ. ಹನ್ನೊಂದನೆಯ ವಾರ ಹೌದೆಂದೆ. ಅಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹೆದರುವವರಿಗೆ ನನ್ನ ಅನುಭವದಿಂದ ಹೇಳಬಲ್ಲೆ, ಯೋಚನೆ ಮೊದಲೇ ಅಲ್ಲಿತ್ತು, ಪ್ರಶ್ನೆಯಿಂದಾಗಿ ಅದು ಹೊರಗೆ ಬಂತು. ಅವರು ಗಾಬರಿಯಾಗಲಿಲ್ಲ, ಬುದ್ಧಿವಾದ ಹೇಳಲಿಲ್ಲ, ನನ್ನನ್ನು ಒಬ್ಬನೇ ಕೂರಲೂ ಬಿಡಲಿಲ್ಲ. ಅಂದು ಸಂಜೆಯೊಳಗೆ ನಾನು ಮನೋವೈದ್ಯರ ಎದುರು ಇದ್ದೆ.

ಆ ಮನೋವೈದ್ಯರು ಮಾತು ಆರಂಭಿಸುವ ಮೊದಲೇ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೆ ಬರೆದುಕೊಟ್ಟರು. ಇಂಟರ್‌ಫೆರಾನ್ ಥೈರಾಯ್ಡ್ ಗ್ರಂಥಿಯನ್ನು ಕೆಡಿಸಬಹುದು, ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರಬಹುದು, ಎರಡೂ ಖಿನ್ನತೆಯ ವೇಷ ಹಾಕಿಕೊಂಡು ಬರುತ್ತವೆ ಎಂಬುದು ಅವರ ವಿವರಣೆ. ನನ್ನ ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ ಇಳಿದಿತ್ತು, ರಿಬಾವಿರಿನ್ ಪ್ರಮಾಣವನ್ನು ತಗ್ಗಿಸಿದರು. ಮಂಕು ಆದರೂ ಕದಲದಿದ್ದಾಗ ಎಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಆರಂಭಿಸಿದರು. ಇಂಟರ್‌ಫೆರಾನ್ ಎಬ್ಬಿಸುವ ಉರಿಯೂತದಿಂದ ದೇಹವು ಆಹಾರದಿಂದ ಸಿಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಬೇರೆ ದಾರಿಗೆ ತಿರುಗಿಸುತ್ತದೆ, ಅದರಿಂದ ಮನಸ್ಥಿತಿಯ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕದ ತಯಾರಿಗೆ ಬೇಕಾದ ಕಚ್ಚಾವಸ್ತು ಕಡಿಮೆಬೀಳುತ್ತದೆ ಎಂಬ ಒಂದು ವಿವರಣೆಯನ್ನು ಕಾಗದದ ಮೇಲೆ ಬಾಣ ಎಳೆದು ತೋರಿಸಿದರು. ಹಾಗಾದರೆ ಇದು ನನ್ನದಲ್ಲ, ಔಷಧಿಯದು, ತಾನಾಗಿಯೇ ಹೋಗುತ್ತದಲ್ಲ ಎಂದೆ. "ಕಾರಣ ಔಷಧಿಯದೇ ಇರಬಹುದು, ಆದರೆ ಅನುಭವಿಸುತ್ತಿರುವವರು ನೀವು. ಹೋಗುವ ತನಕ ಕಾಯಬೇಕಾಗಿಲ್ಲ" ಎಂದರು. ಖಿನ್ನತೆ ಹತೋಟಿಗೆ ಬರದಿದ್ದರೆ ಇಂಟರ್‌ಫೆರಾನ್ ನಿಲ್ಲಿಸೋಣ, ವೈರಸ್ಸಿಗೆ ಮುಂದೆಯೂ ಚಿಕಿತ್ಸೆ ಮಾಡಬಹುದು, ಆದರೆ ನಿಲ್ಲಿಸುವ ತೀರ್ಮಾನವನ್ನು ನೀವೊಬ್ಬರೇ ಮನೆಯಲ್ಲಿ ಕೂತು ಮಾಡಬೇಡಿ ಎಂದು ಕೈಹಿಡಿದು ಹೇಳಿದರು. ನಿಲ್ಲಿಸಲು ಅವಕಾಶವಿದೆ ಎಂದು ತಿಳಿದಿದ್ದರಿಂದಲೇ ನಾನು ಮುಂದುವರಿಸಿದೆನೇನೋ.

ಚುಚ್ಚುಮದ್ದಿನ ಮರುದಿನ ನನಗೆ ಕೆಲಸ ಹಾಕದೆ, ಕಾರಣವನ್ನೂ ಕೇಳದೆ ಇದ್ದ ಮೇಲಧಿಕಾರಿಗೂ ನಾನು ಕೃತಜ್ಞ. 48ನೆಯ ವಾರ ಮುಗಿದೊಡನೆ ಮೋಡ ಸರಿಯಲಿಲ್ಲ, ನಿದ್ದೆ ಮರಳಲು ತಿಂಗಳುಗಳು ಬೇಕಾದವು, ಖಿನ್ನತೆಯ ಮಾತ್ರೆಯೂ ಇನ್ನೂ ಕೆಲಕಾಲ ಮುಂದುವರಿಯಿತು ಎಂಬುದನ್ನೂ ಹೇಳಬೇಕು.

ವರದಿ ಬಂದ ವರ್ಷದ ಕೊನೆಯಲ್ಲೇ ಅಮೆರಿಕದಲ್ಲಿ ಈ ವೈರಸ್ಸನ್ನೇ ನೇರವಾಗಿ ತಡೆಯುವ ಸೊಫೊಸ್ಬುವಿರ್ ಮಾತ್ರೆಗೆ ಅನುಮತಿ ಸಿಕ್ಕಿತು. ಇಂದು ಹೆಪಟೈಟಿಸ್ ಸಿ ಬಂದವರಲ್ಲಿ ಹೆಚ್ಚಿನವರು ಇಂಟರ್‌ಫೆರಾನ್ ಇಲ್ಲದೆ, 8ರಿಂದ 12 ವಾರಗಳ ಮಾತ್ರೆಗಳಿಂದ, ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಂತೆ ಗುಣವಾಗುತ್ತಾರೆ. ಅವರನ್ನು ಕಂಡರೆ ಸಂತೋಷ, ಒಂದಿಷ್ಟು ಹೊಟ್ಟೆಕಿಚ್ಚು. ಆದರೆ ಹೆಪಟೈಟಿಸ್ ಬಿ ಮತ್ತು ಡಿ ಇರುವ ಕೆಲವರಿಗೆ ಇಂಟರ್‌ಫೆರಾನ್ ಈಗಲೂ ಕೊಡುತ್ತಾರೆ. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಕೂಡ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ ತರುತ್ತದೆ. ಅಂಥ ಔಷಧಿ ಆರಂಭಿಸಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯವರೊಬ್ಬರ ಕೈಗೆ ಒಂದು ನೋಟ್‌ಬುಕ್ ಕೊಡಿ.

ಅಕ್ಕನ ನೋಟ್‌ಬುಕ್ ಈಗ ನನ್ನ ಬಳಿ ಇದೆ. ನಾನು ಮಲಗಿದ ಗಂಟೆ, ಉಂಡದ್ದು, ದಿನಕ್ಕೆ ಎಷ್ಟು ಮಾತು ಆಡಿದೆ ಎಂಬ ಎಣಿಕೆ. ಹತ್ತನೆಯ ವಾರದ ಒಂದು ದಿನ "ಒಟ್ಟು ಹನ್ನೊಂದು ಮಾತು" ಎಂದಿದೆ. ನನಗೆ ಹೇಳದೆ ಆ ಪುಟವನ್ನು ಅವಳು ವೈದ್ಯರಿಗೆ ತೋರಿಸಿದ್ದಳೆಂದು ತಿಳಿದಾಗ ಜಗಳವಾಡಿದ್ದೆ; ಅಕ್ಕಾ, ಅದಕ್ಕೆ ಕ್ಷಮೆಯಿರಲಿ. ವರದಿ ಬಂದು ಎರಡು ತಿಂಗಳಾದ ಮೇಲಿನ ಒಂದು ತಾರೀಖಿನ ಕೆಳಗೆ ಅವಳ ಕೊನೆಯ ಸಾಲಿದೆ: "ಇವತ್ತು ಎಣಿಸಲಾಗಲಿಲ್ಲ, ನನಗೇ ಮಾತಾಡಲು ಬಿಡಲಿಲ್ಲ."